ಅಂಬೆಗಾಲಿಡದ ಮಗು, ಎಂಟನೇ ಕ್ಲಾಸಿನ ಹುಡುಗ

ಪ್ರಶ್ನೆ: ನನ್ನ ಮಗನಿಗೆ ಈಗ 13 ವರ್ಷ, ಎಂಟನೇ ಕ್ಲಾಸು. ಎಂಟು ವಾರ ಮೊದಲೇ, 32 ವಾರಕ್ಕೆ ಹುಟ್ಟಿದ. ಅಂಬೆಗಾಲು ಇಡಲೇ ಇಲ್ಲ. ಕೂತಲ್ಲೇ ಕುಂಡೆ ಎಳೆದುಕೊಂಡು ಮನೆಯೆಲ್ಲಾ ಸುತ್ತುತ್ತಿದ್ದ. 16 ತಿಂಗಳಿಗೆ ನಡೆದ. ಓದಿನಲ್ಲಿ ಪರವಾಗಿಲ್ಲ. ಆದರೆ ಅಕ್ಷರ ಮಾತ್ರ ಕಾಗೆಕಾಲು ಗುಬ್ಬಿಕಾಲು. ಶೂ ಲೇಸ್ ಈಗಲೂ ನಾನೇ ಕಟ್ಟಬೇಕು. ಸೈಕಲ್ ಕಲಿತದ್ದು ಹೋದ ವರ್ಷ. ಲೋಟ ತಟ್ಟೆ ಕೈಯಿಂದ ಜಾರುತ್ತಲೇ ಇರುತ್ತವೆ. ಟೀಚರು 'ಗಮನ ಇಲ್ಲ' ಅನ್ನುತ್ತಾರೆ. ಮೂರು ತಿಂಗಳ ಮಗು ಕೈಕಾಲು ಆಡಿಸುವ ರೀತಿ ನೋಡಿಯೇ ಮುಂದೆ ಅದರ ಮೆದುಳು ಹೇಗಿರುತ್ತದೆ ಅಂತ ಹೇಳಬಹುದು ಎಂದು ಈಚೆಗೆ ಓದಿದೆ. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಅಂಬೆಗಾಲು ಇಡಿಸದೇ ಬಿಟ್ಟದ್ದು ನನ್ನ ತಪ್ಪೇ? ಆಗಿನ ವಿಡಿಯೋ ಒಂದಿದೆ, ಕಳಿಸಲೇ? ಎಂಆರ್‌ಐ ಮಾಡಿಸಬೇಕೇ? ನನ್ನ ತಂಗಿಯ ಮಗುವಿಗೂ ಈಗ ಮೂರು ತಿಂಗಳು. ಅದರಲ್ಲಿ ಏನು ನೋಡಬೇಕು?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ತಪ್ಪಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನೀವು ಸಮಾಧಾನವಾಗಿ ಓದಬಹುದು.

ಅಂಬೆಗಾಲು ನಮ್ಮಲ್ಲಿ ದೊಡ್ಡ ಸಂಭ್ರಮ. ಮಗು ಹೊಸಿಲು ದಾಟಿತು ಅಂದರೆ ಸಿಹಿ ಹಂಚುತ್ತೇವೆ. ಹಾಗಾಗಿ ಅಂಬೆಗಾಲೇ ಇಡದೆ ಸೀದಾ ಎದ್ದು ನಿಂತ ಮಗುವಿನ ಮನೆಯಲ್ಲಿ ಏನೋ ತಪ್ಪಿಹೋಯಿತು ಅನಿಸುವುದು ಸಹಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ನಮ್ಮ ದೆಹಲಿಯ ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳೂ ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. ಅದರಲ್ಲಿ ಶೇ. 4.3ರಷ್ಟು ಮಕ್ಕಳು ಕೈ-ಮಂಡಿ ಊರಿ ಅಂಬೆಗಾಲು ಇಡಲೇ ಇಲ್ಲ. ಅವೂ ಎಲ್ಲರಂತೆ ನಡೆದವು. ಅಮೆರಿಕದ ಆರೋಗ್ಯ ಇಲಾಖೆಯವರು 2022ರಲ್ಲಿ ತಮ್ಮ ಬೆಳವಣಿಗೆಯ ಪಟ್ಟಿ ತಿದ್ದಿದಾಗ ಅಂಬೆಗಾಲನ್ನು ಪಟ್ಟಿಯಿಂದಲೇ ತೆಗೆದರು.

ಹಾಗಾದರೆ 'ಅಂಬೆಗಾಲು ತಪ್ಪಿಸಿದ ಮಗುವಿಗೆ ಮುಂದೆ ಓದು ಬರಹ ಕಷ್ಟ' ಅನ್ನುವ ವಾಟ್ಸಾಪ್ ಮಾತು ಎಲ್ಲಿಂದ ಬಂತು? ಅದರ ಬೇರು ಹಳೆಯದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗ್ಲೆನ್ ಡೋಮನ್ ಮತ್ತು ಕಾರ್ಲ್ ಡೆಲಕಾಟೊ ಎಂಬ ಇಬ್ಬರು 'ಪ್ಯಾಟರ್ನಿಂಗ್' ಎಂಬ ಪದ್ಧತಿ ಶುರುಮಾಡಿದ್ದರು. ಮೆದುಳು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ, ಒಂದು ಮೆಟ್ಟಿಲು ತಪ್ಪಿದರೆ ಮೇಲಿನದೆಲ್ಲಾ ಅಲುಗಾಡುತ್ತದೆ, ಆದ್ದರಿಂದ ದೊಡ್ಡ ಮಕ್ಕಳನ್ನೂ ಮತ್ತೆ ತೆವಳಿಸಬೇಕು ಅನ್ನುವುದು ಅವರ ವಾದ. ಅಮೆರಿಕದ ಮಕ್ಕಳ ತಜ್ಞರ ಸಂಘ ಇದಕ್ಕೆ ಆಧಾರವಿಲ್ಲ ಎಂದು ಒಂದಲ್ಲ, ಹಲವು ಸಲ ಹೇಳಿದೆ. ಆದರೂ ಈಗಲೂ ಕೆಲವರು ಹನ್ನೆರಡು ವರ್ಷದ ಹುಡುಗನನ್ನು ಚಾಪೆಯ ಮೇಲೆ ಅಂಬೆಗಾಲಿಡಿಸಿ ಫೀಸು ತೆಗೆದುಕೊಳ್ಳುತ್ತಾರೆ. ನಿಮಗೂ ಯಾರಾದರೂ ಹಾಗೆ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಇನ್ನು 16 ತಿಂಗಳಿಗೆ ನಡೆದದ್ದು. ಎಂಟು ವಾರ ಬೇಗ ಹುಟ್ಟಿದ ಮಗುವಿಗೆ ಆ ಎರಡು ತಿಂಗಳನ್ನು ಕಳೆದು ಲೆಕ್ಕ ಹಾಕಬೇಕು. ಎರಡು ವರ್ಷ ತುಂಬುವವರೆಗೂ ನಾವು ಹೀಗೇ ಲೆಕ್ಕ ಮಾಡುತ್ತೇವೆ. ಅಂದರೆ ಅವನು ನಡೆದದ್ದು 14 ತಿಂಗಳಿಗೆ. ಅದೇ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಯಾರ ಆಸರೆಯೂ ಇಲ್ಲದೆ ನಡೆಯಲು 8.2ರಿಂದ 17.6 ತಿಂಗಳವರೆಗೆ ಸಮಯ ಇದೆ. ನಿಮ್ಮ ಹುಡುಗ ತಡ ಮಾಡಲೇ ಇಲ್ಲ.

ಬೇಗ ನಡೆದವರು ಜಾಣರಾಗುತ್ತಾರಾ? ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 222 ಆರೋಗ್ಯವಂತ ಮಕ್ಕಳನ್ನು ಹುಟ್ಟಿನಿಂದ 18 ವರ್ಷದವರೆಗೆ ನೋಡಿದರು. ಯಾವಾಗ ಕೂತರು, ಯಾವಾಗ ನಡೆದರು ಅನ್ನುವುದಕ್ಕೂ, 7ರಿಂದ 18 ವರ್ಷದ ನಡುವಿನ ಬುದ್ಧಿಮತ್ತೆ ಮತ್ತು ಕೈಕಾಲಿನ ಚುರುಕಿಗೂ ಹೇಳಿಕೊಳ್ಳುವಂಥ ಸಂಬಂಧವೇ ಸಿಗಲಿಲ್ಲ. ಇನ್ನೊಂದು ಕಡೆ ಉತ್ತರ ಫಿನ್ಲೆಂಡಿನಲ್ಲಿ 1966ರಲ್ಲಿ ಹುಟ್ಟಿದ ಸುಮಾರು 12,000 ಮಕ್ಕಳ ದೊಡ್ಡ ಅಧ್ಯಯನ ಇದೆ. ಅಲ್ಲಿ ಬೇಗ ಎದ್ದು ನಿಂತ ಮಕ್ಕಳು 14ನೇ ವಯಸ್ಸಿನಲ್ಲಿ ಆಟೋಟದಲ್ಲಿ ತುಸು ಜಾಸ್ತಿ ಇದ್ದರು. ತುಸು ಅಷ್ಟೇ. ಸಾವಿರಾರು ಮಕ್ಕಳನ್ನು ಒಟ್ಟಿಗೆ ಇಟ್ಟಾಗ ಮಾತ್ರ ಕಾಣುವ ವ್ಯತ್ಯಾಸ ಅದು. ಒಬ್ಬ ಹುಡುಗನ ಹಣೆಬರಹ ಅದರಿಂದ ಓದಲಾಗುವುದಿಲ್ಲ.

ಆದರೆ ನೀವು ಓದಿದ್ದು ಪೂರ್ತಿ ಸುಳ್ಳೂ ಅಲ್ಲ. ಮಗು ಒಂದು ಚಲನೆಯನ್ನು *ಯಾವಾಗ* ಮಾಡಿತು ಅನ್ನುವುದು ಬೇರೆ, *ಹೇಗೆ* ಮಾಡುತ್ತದೆ ಅನ್ನುವುದು ಬೇರೆ. ಈ ಎರಡನೆಯದನ್ನು ಹಿಡಿದವರು ಹೈನ್ಸ್ ಪ್ರೆಕ್ಟ್ಲ್. ಆಸ್ಟ್ರಿಯಾದಲ್ಲಿ ಹುಟ್ಟಿ, ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಬಹುಕಾಲ ಕೆಲಸ ಮಾಡಿ, ಕೊನೆಗೆ ಆಸ್ಟ್ರಿಯಾದ ಗ್ರಾಜ್‌ಗೆ ಮರಳಿದವರು. ಬೇರೆ ವೈದ್ಯರು ಮಗುವಿನ ಮಂಡಿಗೆ ಸುತ್ತಿಗೆ ತಟ್ಟಿ, ಅಂಗಾಲು ಕೆರೆದು ಪರೀಕ್ಷೆ ಮಾಡುತ್ತಿದ್ದ ಕಾಲದಲ್ಲಿ ಇವರು ಸುಮ್ನೆ ಕೂತು ನೋಡಿದರು. ಮಗುವನ್ನು ಮುಟ್ಟದೆ, ಮಾತಾಡಿಸದೆ, ಅದರಷ್ಟಕ್ಕೆ ಬಿಟ್ಟು ವಿಡಿಯೋ ಮಾಡಿದರು.

ಹುಟ್ಟಿದ ಮೊದಲ ವಾರಗಳಲ್ಲಿ ಮಗುವಿನ ಚಲನೆ ಹೊರಳಾಟದ ಹಾಗಿರುತ್ತದೆ. ಕುತ್ತಿಗೆ, ಬೆನ್ನು, ಕೈ, ಕಾಲು ಎಲ್ಲವೂ ನಿಧಾನವಾಗಿ ತಿರುಚಿಕೊಳ್ಳುತ್ತವೆ. ಆರರಿಂದ ಒಂಬತ್ತು ವಾರದ ಹೊತ್ತಿಗೆ ಅದು ಕಡಿಮೆಯಾಗಿ ಇನ್ನೊಂದು ಶುರುವಾಗುತ್ತದೆ. ಇಂಗ್ಲಿಷಿನಲ್ಲಿ 'ಫಿಜೆಟಿ' ಅನ್ನುತ್ತಾರೆ. ನಾನು ತಾಯಂದಿರಿಗೆ 'ಮಿಸುಕಾಟ' ಅಂತಲೇ ಹೇಳುವುದು. ಕೆರೆಯ ಮೇಲೆ ಸಣ್ಣ ಮಳೆ ಹನಿದ ಹಾಗೆ ಮೈ ತುಂಬ ಅಲ್ಲಲ್ಲಿ ಪುಟ್ಟ ಪುಟ್ಟ ಚಲನೆ. ಮಣಿಕಟ್ಟು ತಿರುಗುತ್ತದೆ, ಹಿಮ್ಮಡಿ ಆಡುತ್ತದೆ, ಕುತ್ತಿಗೆ ಮಿಸುಕುತ್ತದೆ, ಭುಜ ಅಲುಗುತ್ತದೆ. ಒಂದರ ಹಾಗೆ ಇನ್ನೊಂದಿಲ್ಲ. ಎಚ್ಚರವಾಗಿ ಖುಷಿಯಾಗಿರುವ ಮಗುವಿನಲ್ಲಿ ಇದು ಮತ್ತೆ ಮತ್ತೆ ಕಾಣುತ್ತಲೇ ಇರುತ್ತದೆ, ಅತ್ತಾಗ ಅಥವಾ ಯಾವುದನ್ನಾದರೂ ದಿಟ್ಟಿಸಿ ನೋಡುವಾಗ ಮಾಯ. ಐದು ತಿಂಗಳ ಹೊತ್ತಿಗೆ ಮಗು ಬೇಕೆಂದದ್ದಕ್ಕೆ ಕೈ ಚಾಚಲು ಶುರುಮಾಡಿದಂತೆ ಈ ಮಿಸುಕಾಟ ಮರೆಯಾಗುತ್ತದೆ. ಅಂದರೆ ನೋಡಲು ಸಿಗುವುದು ಎರಡೂವರೆ ಮೂರು ತಿಂಗಳ ಒಂದು ಕಿಟಕಿ ಅಷ್ಟೇ.

1997ರಲ್ಲಿ ಪ್ರೆಕ್ಟ್ಲ್ ಮತ್ತು ಜೊತೆಗಾರರು 130 ಮಕ್ಕಳ ಲೆಕ್ಕ ಪ್ರಕಟಿಸಿದರು. ಮಿಸುಕಾಟ ಸರಿಯಾಗಿದ್ದ 70 ಮಕ್ಕಳಲ್ಲಿ 67 ಮಕ್ಕಳ ನರಮಂಡಲ ಎರಡು ವರ್ಷದ ಹೊತ್ತಿಗೆ ಚೆನ್ನಾಗಿಯೇ ಇತ್ತು. ಮಿಸುಕಾಟ ಇಲ್ಲದ ಅಥವಾ ವಿಚಿತ್ರವಾಗಿದ್ದ 60 ಮಕ್ಕಳಲ್ಲಿ 57 ಮಕ್ಕಳಿಗೆ ತೊಂದರೆ ಇತ್ತು, ಹೆಚ್ಚಿನವರಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಎಳೆಯ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ, ಹಿಡಿತ ಕೆಡುವ ತೊಂದರೆ. ಮುಟ್ಟದೆ, ಸೂಜಿ ಚುಚ್ಚದೆ, ಸ್ಕ್ಯಾನ್ ಇಲ್ಲದೆ ಬಂದ ಉತ್ತರ ಇದು! ಇವತ್ತು ಐದು ತಿಂಗಳ ಒಳಗಿನ ಮಗುವಿಗೆ ಸೆರೆಬ್ರಲ್ ಪಾಲ್ಸಿ ಬರಬಹುದೇ ಎಂದು ತಿಳಿಯಲು ಎಂಆರ್‌ಐ ಜೊತೆಗೆ ಈ ವಿಡಿಯೋ ಪರೀಕ್ಷೆಯನ್ನೂ ಪ್ರಪಂಚದೆಲ್ಲೆಡೆ ಬಳಸುತ್ತಾರೆ.

ಇಲ್ಲಿ ಒಂದು ಮಾತು ಗಮನಿಸಿ. ಆ ಬಲವಾದ ಅಂಕಿಗಳು ಸೆರೆಬ್ರಲ್ ಪಾಲ್ಸಿಯಂಥ ದೊಡ್ಡ ತೊಂದರೆಗೆ. ನಿಮ್ಮ ಮಗನಿಗೆ ಅದು ಇದ್ದಿದ್ದರೆ ಬಹುಮಟ್ಟಿಗೆ ಮೊದಲ ಕೆಲವು ವರ್ಷಗಳಲ್ಲೇ ಗೊತ್ತಾಗುತ್ತಿತ್ತು. ಲೇಸ್ ಕಟ್ಟಲಾಗದ, ಅಕ್ಷರ ಕೂರದ ಸಣ್ಣ ತೊಡಕುಗಳ ಮಟ್ಟಕ್ಕೆ ಬಂದಾಗ ಎಳೆ ತೆಳ್ಳಗಾಗುತ್ತಾ ಹೋಗುತ್ತದೆ. ಗ್ರೋನಿಂಗನ್‌ನ ಸಂಶೋಧಕರು 1999ರಲ್ಲಿ ಶೈಶವದ ಚಲನೆಯ ಗುಣಕ್ಕೂ ಮುಂದೆ ಶಾಲೆಯ ವಯಸ್ಸಿನಲ್ಲಿ ಕಾಣುವ ಸಣ್ಣ ನರದೋಷ ಮತ್ತು ಎಡಿಎಚ್‌ಡಿಗೂ (ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ) ಸಂಬಂಧ ಕಂಡರು. 2007ರಲ್ಲಿ ಗ್ರಾಜ್‌ನ ತಂಡ ಇದೇ ಪ್ರಶ್ನೆಯನ್ನು ಹರೆಯದವರೆಗೂ ಒಯ್ದಿತು. ಅದರಲ್ಲಿದ್ದ ಮಕ್ಕಳು ಮೂವತ್ತು ಜನವೂ ಅಲ್ಲ. ಆ ಲೇಖನದ ಶೀರ್ಷಿಕೆಯೇ ಪ್ರಶ್ನೆಯ ರೂಪದಲ್ಲಿತ್ತು. ನೀವು ಓದಿದ ಬರಹದಲ್ಲಿ ಬಹುಶಃ ಆ ಪ್ರಶ್ನಾರ್ಥಕ ಚಿಹ್ನೆ ಬಿದ್ದುಹೋಗಿರಬೇಕು.

ಗ್ರೋನಿಂಗನ್‌ನಿಂದಲೇ ಬಂದ ಇನ್ನೊಂದು ವಿಷಯ ನಿಮಗೆ ಹೆಚ್ಚು ಉಪಯೋಗ. ಅಲ್ಲಿ ಹುಟ್ಟಿದ ಮಕ್ಕಳನ್ನು 12 ವರ್ಷದವರೆಗೆ ಮತ್ತೆ ಮತ್ತೆ ಪರೀಕ್ಷಿಸಿದರು. ಪ್ರೈಮರಿ ಶಾಲೆಯ ಕೊನೆಯ ವರ್ಷಗಳಲ್ಲಿ ಈ ಸಣ್ಣ ನರದೋಷಗಳು ಹೆಚ್ಚಾಗಿ ಕಂಡವು. ಆಮೇಲೆ ಯಾರಲ್ಲಿ ಹರೆಯದ ಬದಲಾವಣೆ ಶುರುವಾಗಿತ್ತೋ ಅವರಲ್ಲಿ ಕಡಿಮೆಯಾದವು. 1992ರಲ್ಲಿ ಇದು ಪ್ರಕಟವಾಯಿತು. ಹರೆಯ ಅಂದರೆ ಕಾಟ ಅಂತಲೇ ಎಲ್ಲರೂ ಹೇಳುತ್ತಾರೆ, ಆದರೆ ನರಮಂಡಲದ ಈ ಒಂದು ವಿಷಯದಲ್ಲಿ ಅದು ಸಹಾಯಕ್ಕೆ ಬರುತ್ತದೆ. ಎಲ್ಲವೂ ಹೋಗುತ್ತದೆ ಅಂತಲ್ಲ. ಹರೆಯ ಕಳೆದ ಮೇಲೂ ಬೆರಳುಗಳ ಸೂಕ್ಷ್ಮ ಕೆಲಸ ಮತ್ತು ಕೈಕಾಲಿನ ಹೊಂದಾಣಿಕೆ ಈ ಎರಡರಲ್ಲಿ ತೊಂದರೆ ಉಳಿದಿದ್ದರೆ ನಾವು ಅದಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ.

ಹಾಗಾದರೆ ಇವನಿಗೆ ಯಾಕೆ ಹೀಗೆ? ಬೇಗ ಹುಟ್ಟಿದ್ದರ ಪಾಲು ಇರಬಹುದು. ಸುಮಾರು 24ರಿಂದ 32 ವಾರದ ನಡುವೆ ಮೆದುಳಿನ ಒಳಗಿನ ಬಿಳಿ ಭಾಗ ಬಹಳ ನಾಜೂಕಾಗಿರುತ್ತದೆ. ನರತಂತುಗಳಿಗೆ ಹೊದಿಕೆ ಹಾಕುವ ಕೋಶಗಳು ಆಗಿನ್ನೂ ಎಳೆಯವು. ಆಮ್ಲಜನಕ, ರಕ್ತದ ಒತ್ತಡ, ಸೋಂಕು ಯಾವುದರ ಏರುಪೇರನ್ನೂ ಅವು ತಡೆದುಕೊಳ್ಳುವುದಿಲ್ಲ. ನಿಮ್ಮ ಮಗ ಆ ಅವಧಿಯ ಕೊನೆಯ ಅಂಚಿನಲ್ಲಿ ಹುಟ್ಟಿದ. ದೊಡ್ಡ ಪೆಟ್ಟು ಬಿದ್ದಿಲ್ಲ. ಕೈಗೆ ಸುದ್ದಿ ಮುಟ್ಟಿಸುವ ದಾರಿ ಸ್ವಲ್ಪ ಒರಟಾಗಿರಬಹುದು, ಅಷ್ಟೇ. ಅದು ಈಗ ಎದ್ದು ಕಾಣುವುದಕ್ಕೂ ಕಾರಣ ಇದೆ. ಮೂರನೇ ಕ್ಲಾಸಿನಲ್ಲಿ ಅರ್ಧ ಪುಟ ಬರೆದರೆ ಸಾಕಿತ್ತು. ಎಂಟನೇ ಕ್ಲಾಸಿನಲ್ಲಿ ಟೀಚರು ಹೇಳುತ್ತಾ ಹೋಗುವ ನೋಟ್ಸು, ಕೈವಾರ ಹಿಡಿದು ರೇಖಾಗಣಿತ, ಲ್ಯಾಬಿನಲ್ಲಿ ಗಾಜಿನ ನಳಿಗೆ. ಜೊತೆಗೆ ಕೈಕಾಲು ಒಂದೇ ವರ್ಷದಲ್ಲಿ ಉದ್ದ ಆಗಿಬಿಡುತ್ತವೆ. ಲೋಟ ಎಲ್ಲಿದೆ ಅಂತ ಕಣ್ಣಿಗೆ ಗೊತ್ತು, ಹೊಸ ಉದ್ದದ ಕೈಗೆ ಇನ್ನೂ ಗೊತ್ತಿಲ್ಲ.

ನೀವು ಬರೆದದ್ದನ್ನು ಓದಿದರೆ ನನಗೆ ಮೊದಲು ನೆನಪಾಗುವುದು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಚಿಕ್ಕದಾಗಿ ಡಿಸಿಡಿ. ಹಳೆಯ ಹೆಸರು ಡಿಸ್‌ಪ್ರಾಕ್ಸಿಯಾ. ಬುದ್ಧಿ ಸರಿ ಇದೆ, ಸ್ನಾಯು ಸರಿ ಇದೆ, ಆದರೆ ಕೈಕೆಲಸ ವಯಸ್ಸಿಗೆ ತಕ್ಕಂತೆ ಕೂರುವುದಿಲ್ಲ. 5ರಿಂದ 11 ವರ್ಷದ ಮಕ್ಕಳಲ್ಲಿ ಶೇ. 5–6 ಜನರಿಗೆ ಇದು ಇರುತ್ತದೆ, ಬೇಗ ಹುಟ್ಟಿದವರಲ್ಲಿ ಇನ್ನೂ ಜಾಸ್ತಿ. ಅಂದರೆ 40 ಮಕ್ಕಳ ಒಂದು ಕ್ಲಾಸಿನಲ್ಲಿ ಇಬ್ಬರು. ಆ ಇಬ್ಬರಿಗೂ ಸಿಗುವ ಬಿರುದು 'ಸೋಮಾರಿ', 'ಗಮನ ಇಲ್ಲ'. ಕಾಗದದ ಮೇಲಿಂದ ಕಾಯಿಲೆ ಹೆಸರಿಸುವುದು ನನಗೆ ಇಷ್ಟವಿಲ್ಲ, ಹಾಗಾಗಿ ಇದನ್ನು ಅನುಮಾನ ಅಂತಲೇ ಇಟ್ಟುಕೊಳ್ಳಿ. ಮಕ್ಕಳ ಬೆಳವಣಿಗೆ ತಜ್ಞರು ಅಥವಾ ಅನುಭವ ಇರುವ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ಚಿಕಿತ್ಸಕರು) ಒಬ್ಬರು ಅವನನ್ನು ಎದುರಿಗೆ ಕೂರಿಸಿಕೊಂಡು ನೋಡಬೇಕು. ಡಿಸಿಡಿ ಇರುವ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಎಡಿಎಚ್‌ಡಿ ಕೂಡ ಇರುತ್ತದೆ. ಆದ್ದರಿಂದ ಟೀಚರ ಮಾತನ್ನು ತಳ್ಳಿಹಾಕಬೇಡಿ, ಅದನ್ನೂ ಪರೀಕ್ಷಿಸಿ ಅಂತ ಕೇಳಿ. ಆದರೆ ಒಂದು ವಿಷಯ ನೆನಪಿರಲಿ. ಒಂದೊಂದು ಅಕ್ಷರಕ್ಕೂ ಪೂರ್ತಿ ಮನಸ್ಸು ಕೊಟ್ಟು ಬರೆಯುವ ಹುಡುಗನಿಗೆ ಪಾಠ ಕೇಳಲು ಮನಸ್ಸು ಉಳಿದಿರುವುದಿಲ್ಲ. ಹೊರಗಿನಿಂದ ಅದು ಗಮನ ಇಲ್ಲದ ಹಾಗೇ ಕಾಣುತ್ತದೆ.

ಈಗ ನಾನು ನಿಮ್ಮನ್ನು ಕೇಳಬೇಕಾದ ಪ್ರಶ್ನೆ. ಅವನು *ಮೊದಲಿನಿಂದಲೂ* ಹೀಗೇ ಇದ್ದನೇ, ಇಲ್ಲಾ *ಈಚೆಗೆ* ಹೀಗಾದನೇ? ನಿಮ್ಮ ಪತ್ರದಿಂದ ಮೊದಲಿನಿಂದಲೂ ಅನಿಸುತ್ತದೆ. ಹಾಗಿದ್ದರೆ ಹೆದರಿಕೆ ಇಲ್ಲ. ಆದರೆ ಹೋದ ವರ್ಷದ ನೋಟ್ ಪುಸ್ತಕ ತೆಗೆದು ಈ ವರ್ಷದ್ದರ ಪಕ್ಕ ಇಡಿ. ಅಕ್ಷರ ಕೆಡುತ್ತಾ ಬಂದಿದೆಯೇ? ಕೈ ನಡುಗುತ್ತದೆಯೇ, ಮಾತು ತೊದಲುತ್ತಿದೆಯೇ, ಜೊಲ್ಲು ಸುರಿಯುತ್ತಿದೆಯೇ? ಹೌದಾದರೆ ತಡ ಮಾಡದೆ ನರರೋಗ ತಜ್ಞರ ಬಳಿ ಹೋಗಿ. ವಿಲ್ಸನ್ ಕಾಯಿಲೆ ಅಂತ ಒಂದಿದೆ. ದೇಹದಲ್ಲಿ ತಾಮ್ರ ಸೇರಿಕೊಳ್ಳುತ್ತಾ ಹೋಗಿ ಈ ವಯಸ್ಸಿನಲ್ಲೇ ಅಕ್ಷರ ಕೆಡುವುದರಿಂದ ಶುರುವಾಗಬಹುದು. ಬೇಗ ಸಿಕ್ಕರೆ ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ. ನೆಲದಿಂದ ಏಳುವಾಗ ತೊಡೆಯ ಮೇಲೆ ಕೈ ಊರಿ ಏಳುವುದು, ಮೆಟ್ಟಿಲು ಹತ್ತಲು ಈಚೆಗೆ ಕಷ್ಟವಾಗಿರುವುದು, ಮೊದಲು ಬರುತ್ತಿದ್ದ ಕೆಲಸ ಈಗ ಬಾರದಿರುವುದು, ಇವೂ ಹಾಗೆಯೇ ಬೇಗ ತೋರಿಸಬೇಕಾದವು.

ಇವು ಯಾವುವೂ ಇಲ್ಲವಾದರೆ ಎಂಆರ್‌ಐ ಬೇಡ. ವೈದ್ಯರು ಪರೀಕ್ಷೆ ಮಾಡುವಾಗ ಒಂದು ಕಡೆ ಬಿಗಿತ, ಹೆಚ್ಚಿದ ರಿಫ್ಲೆಕ್ಸ್ ಅಂಥದ್ದೇನಾದರೂ ಕಂಡರೆ ಅವರೇ ಹೇಳುತ್ತಾರೆ. ಸುಮ್ನೆ ಮಾಡಿಸಿದರೆ 'ಹಳೆಯ ಸಣ್ಣ ಗುರುತು ಇದೆ' ಅಂತ ಬರಬಹುದು, ಏನೂ ಇಲ್ಲ ಅಂತಲೂ ಬರಬಹುದು. ಎರಡರಿಂದಲೂ ಅವನ ಲೇಸ್ ಕಟ್ಟಿಕೊಳ್ಳುವುದಿಲ್ಲ.

ವಿಡಿಯೋ ಕೂಡ ಕಳಿಸಬೇಡಿ. ಆಗಿನ ವಿಡಿಯೋ ಅಂದರೆ ನನಗೆ ಗೊತ್ತು. ಮಗು ಅರ್ಧ ಬಟ್ಟೆಯೊಳಗೆ, ಯಾರೋ ಗಿಲಕಿ ಆಡಿಸುತ್ತಿರುತ್ತಾರೆ, ಅಜ್ಜಿ ಮಾತಾಡಿಸುತ್ತಿರುತ್ತಾರೆ. ನೋಡಿ ಖುಷಿಪಡಲು ಅದು ಚೆನ್ನ, ಪರೀಕ್ಷೆಗೆ ಆಗುವುದಿಲ್ಲ. ಆದರೂ ನೋಡಿ ನಾನು ಏನು ಹೇಳಿದರೂ ಇವತ್ತು ಅವನಿಗೆ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ.

ಆ ಕೆಲಸ ಏನು? ಡಿಸಿಡಿಗೆ ಚೆನ್ನಾಗಿ ಫಲ ಕೊಡುವುದು ಬೇಕಾದ ಕೆಲಸವನ್ನೇ ನೇರವಾಗಿ ಕಲಿಸುವ ಪದ್ಧತಿ. ಚೆಂಡು ಹಿಸುಕಿಸುವುದು, ಮಣಿ ಪೋಣಿಸುವುದು ಮಾಡಿಸಿ 'ಕೈ ಬಲವಾದರೆ ಅಕ್ಷರ ತಾನಾಗಿ ಸರಿಹೋಗುತ್ತದೆ' ಎಂದು ಕಾಯುವುದರಿಂದ ಅಷ್ಟು ಪ್ರಯೋಜನ ಇಲ್ಲ. ಲೇಸ್ ಕಟ್ಟಬೇಕೆಂದರೆ ಲೇಸನ್ನೇ ಕಲಿಸಬೇಕು. ಕೆನಡಾದಲ್ಲಿ ರೂಪಿಸಿದ ಒಂದು ವಿಧಾನದಲ್ಲಿ ಹುಡುಗನೇ ನಾಲ್ಕು ಹೆಜ್ಜೆ ಹೇಳಿಕೊಳ್ಳುತ್ತಾನೆ: ಏನು ಆಗಬೇಕು, ಹೇಗೆ ಮಾಡುತ್ತೇನೆ, ಮಾಡು, ಆಯ್ತಾ ನೋಡು. ಇದರಲ್ಲಿ ಮುಖ್ಯ ಅಂದರೆ ಯೋಜನೆ ಅವನದ್ದಾಗಿರಬೇಕು. 'ಹೀಗಲ್ಲ, ಹಾಗೆ' ಅಂತ ನೀವು ಕೈ ಹಾಕುವ ಮೊದಲು 'ಎಲ್ಲಿ ಬಿಚ್ಚಿಹೋಯಿತು?' ಅಂತ ಕೇಳಿ. 'ಕುಣಿಕೆ ದೊಡ್ಡದಾಯಿತು' ಎಂದು ಅವನೇ ಹೇಳಲಿ. 13ರ ಹುಡುಗನಿಗೆ ಅಮ್ಮ ಲೇಸ್ ಕಟ್ಟುವುದು ಎಷ್ಟು ಮುಜುಗರ ಅಂತ ನಿಮಗೂ ಗೊತ್ತು. ಅವನಿಗೆ ನಿಜವಾಗಿ ಬೇಕಾದ ಮೂರು ಕೆಲಸ ಅವನೇ ಆರಿಸಿಕೊಳ್ಳಲಿ. ಅಕ್ಷರ ಅದರಲ್ಲಿ ಇಲ್ಲದಿದ್ದರೂ ಬೇಜಾರು ಮಾಡಿಕೊಳ್ಳಬೇಡಿ.

ಬರವಣಿಗೆಗೆ ಎರಡು ದಾರಿ. ಒಂದು, ಟೈಪಿಂಗ್ ಈಗಲೇ ಕಲಿಸಿ. ಇನ್ನೊಂದು, ಶಾಲೆಯವರ ಜೊತೆ ಮಾತಾಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಡಿಸ್‌ಲೆಕ್ಸಿಯಾ (ಓದಿನ ತೊಡಕು), ಡಿಸ್‌ಗ್ರಾಫಿಯಾ (ಬರವಣಿಗೆಯ ತೊಡಕು) ಜೊತೆಗೆ ಡಿಸ್‌ಪ್ರಾಕ್ಸಿಯಾದ ಹೆಸರೂ ಇದೆ. ಇದು ಬಹಳ ಶಾಲೆಗಳಿಗೆ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಕೇಳಬೇಕಾಗಿ ಬಂದರೆ ಪ್ರಮಾಣಪತ್ರ ಬೇಕು. ಅದಕ್ಕೆ ಓಡಾಟ ಇದ್ದೇ ಇರುತ್ತದೆ. ಒಂಬತ್ತರಲ್ಲಿ ನೋಡೋಣ ಅನ್ನದೆ ಈ ವರ್ಷವೇ ಶುರುಮಾಡಿ. ಖಾಸಗಿಯಲ್ಲಿ ತೋರಿಸುವುದು ದುಬಾರಿಯಾದರೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಕೇಂದ್ರದ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಕೇಂದ್ರ) ಬಗ್ಗೆ ವಿಚಾರಿಸಿ. 2013ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯ ಭಾಗ ಅದು, 18 ವರ್ಷದವರೆಗಿನ ಮಕ್ಕಳಿಗೆ ಅನ್ವಯ.

ಈಗ ತಂಗಿಯ ಮಗು. ಆ ಮಗು ತಿಂಗಳು ತುಂಬಿ, ತೂಕ ಚೆನ್ನಾಗಿದ್ದು, ಹುಟ್ಟಿದ ಕೂಡಲೇ ಅತ್ತು, ಹಾಲು ಕುಡಿದು ಮನೆಗೆ ಬಂದಿದ್ದರೆ ಯಾವ ವಿಡಿಯೋ ಪರೀಕ್ಷೆಯೂ ಬೇಡ. ಯೂಟ್ಯೂಬ್ ಮಕ್ಕಳ ಜೊತೆ ಹೋಲಿಸಿಕೊಂಡು ಕೂರಬೇಡಿ, ತರಬೇತಿ ಇಲ್ಲದ ಕಣ್ಣಿಗೆ ಎಲ್ಲವೂ ತಪ್ಪಾಗಿ ಕಾಣುತ್ತದೆ. ಅವಧಿಗೆ ಮೊದಲು ಹುಟ್ಟಿದ್ದರೆ, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಿದ್ದರೆ, ಹುಟ್ಟುವಾಗ ಉಸಿರು ಕಟ್ಟಿದ್ದರೆ ಅಥವಾ ಫಿಟ್ಸ್ ಬಂದಿದ್ದರೆ ಮಾತ್ರ ಮಕ್ಕಳ ತಜ್ಞರನ್ನು ಕೇಳಿ, ಈ ಪರೀಕ್ಷೆ ಎಲ್ಲಿ ಮಾಡುತ್ತಾರೆ ಅಂತ. ಬೇಗ ಹುಟ್ಟಿದ ಮಗುವಾದರೆ ಡೆಲಿವರಿ ದಿನಾಂಕದಿಂದ ಲೆಕ್ಕ ಹಿಡಿದು ಸುಮಾರು ಹನ್ನೆರಡನೇ ವಾರದ ಹೊತ್ತಿಗೆ ವಿಡಿಯೋ ಮಾಡಿ. ಹುಟ್ಟಿದ ದಿನದಿಂದಲ್ಲ, ಡಾಕ್ಟರು ಮೊದಲು ಕೊಟ್ಟಿದ್ದ ದಿನಾಂಕದಿಂದ.

ವಿಡಿಯೋ ಮಾಡುವುದು ಹೀಗೆ. ತೊಟ್ಟಿಲಲ್ಲಿ ಬೇಡ, ನೆಲದ ಮೇಲೆ ಒಂದೇ ಬಣ್ಣದ ಚಾಪೆ ಹಾಸಿ ಅಂಗಾತ ಮಲಗಿಸಿ. ಕೈಕಾಲು ಕಾಣುವಂಥ ತೆಳು ಬಟ್ಟೆ. ಹಸಿವೂ ಇರಬಾರದು, ಆಗಷ್ಟೇ ಕುಡಿದಿರಲೂಬಾರದು. ನಿಪ್ಪಲ್ ಬೇಡ, ಗಿಲಕಿ ಬೇಡ. ತಲೆಯಿಂದ ಕಾಲಿನವರೆಗೆ ಪೂರ್ತಿ ಮೈ ಬರಬೇಕು. ಮೂರು ನಿಮಿಷ ಯಾರೂ ಮಾತಾಡಿಸಬಾರದು. ಈ ಕೊನೆಯದೇ ನಮ್ಮ ಮನೆಗಳಲ್ಲಿ ಕಷ್ಟ, ಅಲ್ವಾ? ಮಗು ಅತ್ತರೆ ಎತ್ತಿಕೊಳ್ಳಿ, ನಾಳೆ ಮಾಡಿ.

ಯಾವ ಮಗುವಾದರೂ ಸರಿ, ಕೆಲವನ್ನು ಮನೆಯಲ್ಲೇ ಗಮನಿಸಬಹುದು. ನಾಲ್ಕು ತಿಂಗಳು ಕಳೆದರೂ ಮುಷ್ಟಿ ಬಿಚ್ಚದೇ ಇರುವುದು. ಒಂದೇ ಕೈ ಚಾಚಿ ಇನ್ನೊಂದನ್ನು ಬಳಸದೇ ಇರುವುದು. ವರ್ಷ ತುಂಬುವ ಮೊದಲೇ 'ನಮ್ಮ ಮಗು ಎಡಚ' ಅಂತ ಗೊತ್ತಾದರೆ ಅದು ಖುಷಿಯ ಸುದ್ದಿಯಲ್ಲ, ಇನ್ನೊಂದು ಕೈಯನ್ನು ನೋಡಬೇಕು. ಒಂಬತ್ತು ತಿಂಗಳಾದರೂ ಆಸರೆ ಇಲ್ಲದೆ ಕೂರದಿರುವುದು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿ 'ಈ ಕಾಲು ಯಾಕೋ ಬಿಗಿ' ಅಂದರೆ ಆ ಮಾತನ್ನು ತಳ್ಳಿಹಾಕಬೇಡಿ. ಕಾಲು ಚಾಚಿ ಅದರ ಮೇಲೆ ನೂರಾರು ಮಕ್ಕಳನ್ನು ಮಲಗಿಸಿಕೊಂಡ ಕೈ ಅದು. ಎಷ್ಟೋ ಮಕ್ಕಳು ನನ್ನ ಬಳಿ ಬರುವುದೇ ಅಂಥ ಒಂದು ಮಾತಿನಿಂದ.

ವಾಕರ್ ಉಡುಗೊರೆ ಕೊಡಬೇಕು ಅಂದುಕೊಂಡಿದ್ದರೆ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಬೀಳುವುದು ಜಾಸ್ತಿ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ಒಂದು ಒಳ್ಳೆಯ ಚಾಪೆ ಕೊಡಿ. ಎಚ್ಚರ ಇರುವಾಗ, ನೀವು ಪಕ್ಕದಲ್ಲಿ ಕೂತಿರುವಾಗ ದಿನಕ್ಕೆ ಕೆಲವು ಸಲ ಬೋರಲು ಮಲಗಿಸಲಿ. ನಿದ್ದೆಗೆ ಮಾತ್ರ ಅಂಗಾತವೇ.